ಕಂಬಳಿ ತೊಯ್ದಿತ್ತು, ಬೋರಿನಲ್ಲಿ ಧೂಳು ಬಂತು

ಇದು ನಮ್ಮ ಸೋದರಮಾವನ ಮನೆಯಲ್ಲಿ ನಡೆದದ್ದು. ಅವರನ್ನು ಕೇಳಿಯೇ ಬರೆಯುತ್ತಿದ್ದೇನೆ. "ಬರಿ, ಆದ್ರ ಹೆಸರು ಹಾಕಬ್ಯಾಡ, ಮಂದಿ ನಗ್ತಾರ" ಅಂದರು. ಹಾಗಾಗಿ ಹೆಸರಿಲ್ಲ, ಊರೂ ಇಲ್ಲ. ಕೊಪ್ಪಳ ಜಿಲ್ಲೆ, ಕುಷ್ಟಗಿ ತಾಲೂಕು, ಅಷ್ಟು ಸಾಕು.

ಯಾಕೆ ಬರೆಯಬೇಕು ಅಂದರೆ, ನಮ್ಮ ಚರ್ಚಿನ ಸಭೆಗಳಲ್ಲಿ ಸಾಕ್ಷಿ ಹೇಳಲು, ಅಂದರೆ ದೇವರು ತಮಗೆ ಮಾಡಿದ ಉಪಕಾರ ಹೇಳಲು, ಎದ್ದು ನಿಲ್ಲುವವರೆಲ್ಲ ಬೋರಿನಲ್ಲಿ ನೀರು ಬಿದ್ದವರು, ಕಾಯಿಲೆ ವಾಸಿಯಾದವರು, ಮಗನಿಗೆ ನೌಕರಿ ಸಿಕ್ಕವರು. ನೀರು ಬೀಳದವರು ಹಿಂದಿನ ಸಾಲಿನಲ್ಲಿ ತಲೆ ಬಗ್ಗಿಸಿ ಕೂತಿರುತ್ತಾರೆ. ಅವರದನ್ನೂ ಯಾರಾದರೂ ಹೇಳಬೇಕಲ್ವಾ.

ಮಾವನಿಗೆ ಏಳು ಎಕರೆ ಮಸಾರಿ ಹೊಲ. ಮಳೆ ಆದರೆ ಸಜ್ಜೆ, ತೊಗರಿ. ಹಳೆಯ ಬೋರ್ ಒಂದಿತ್ತು, ಒಂದು ಇಂಚು ನೀರು ಬರುತ್ತಿತ್ತು, ಅದನ್ನೇ ನೆಚ್ಚಿಕೊಂಡು ಒಂದು ಎಕರೆ ದಾಳಿಂಬೆ ಹಚ್ಚಿದ್ದರು. ಕುಷ್ಟಗಿ ಕಡೆಯ ದಾಳಿಂಬೆ ಹುಚ್ಚು ಗೊತ್ತಿದ್ದವರಿಗೆ ಗೊತ್ತು. 2023ರಲ್ಲಿ ಮಳೆ ಕೈಕೊಟ್ಟಿತು. ಆ ವರ್ಷ ರಾಜ್ಯದ 236 ತಾಲೂಕುಗಳಲ್ಲಿ 223 ಬರಪೀಡಿತ ಅಂತ ಸರ್ಕಾರವೇ ಘೋಷಿಸಿತ್ತು, ನಮ್ಮದನ್ನು ಬಿಟ್ಟೀತೇ? ದೀಪಾವಳಿ ಹೊತ್ತಿಗೆ ಹಳೆ ಬೋರ್ ಕೆಮ್ಮಲು ಶುರು ಮಾಡಿತು. ನೀರು, ಗಾಳಿ, ನೀರು, ಗಾಳಿ. ಡಿಸೆಂಬರಿಗೆ ಬರೀ ಗಾಳಿ.

ಹೊಸ ಬೋರ್ ಹೊಡೆಸಬೇಕು ಅಂತಾಯಿತು. ಪಾಯಿಂಟ್ ಎಲ್ಲಿ? ಪಕ್ಕದ ಹೊಲದವರು ನೀರು ನೋಡುವವರನ್ನು ಕರೆಸೋಣ ಅಂದರು. ನಮ್ಮ ಕಡೆ ಇದು ಮಾಮೂಲು. ಅಂಗೈ ಮೇಲೆ ತೆಂಗಿನಕಾಯಿ ಅಡ್ಡ ಇಟ್ಟುಕೊಂಡು ಹೊಲದ ತುಂಬಾ ನಡೆಯುತ್ತಾರೆ, ಕಾಯಿ ಎಲ್ಲಿ ಎದ್ದು ನಿಲ್ಲುತ್ತದೋ ಅಲ್ಲಿ ನೀರು. ಮಾವ ಕೈ ಮುಗಿದು ಬೇಡ ಅಂದರು. "ನಾವು ಯೇಸುನ ನಂಬಿದ ಮಂದಿ, ಕಾಯಿ ಹಿಡಕೊಂಡು ತಿರುಗಂಗಿಲ್ಲ." ಅವತ್ತು ಮಾವನ ಬಗ್ಗೆ ನನಗೆ ಹೆಮ್ಮೆಯೇ ಆಯಿತು. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಕ್ರಿಸ್ಮಸ್ ವಾರದಲ್ಲಿ ಹತ್ತಿರದ ಊರಿನಲ್ಲಿ ಮೂರು ದಿನದ ಕೂಟ ಇತ್ತು. ಹೊರಗಿನಿಂದ ಬಂದ ಪ್ರಸಂಗಿಯೊಬ್ಬರು ಗಿದ್ಯೋನನ ಮೇಲೆ ಮಾತಾಡಿದರು. ಗೊತ್ತಿಲ್ಲದವರಿಗೆ ಹೇಳುತ್ತೇನೆ. ಸತ್ಯವೇದದ, ಅಂದರೆ ಬೈಬಲ್ಲಿನ, ನ್ಯಾಯಸ್ಥಾಪಕರು ಪುಸ್ತಕದ 6ನೇ ಅಧ್ಯಾಯದಲ್ಲಿ ಗಿದ್ಯೋನ ಅನ್ನುವವನಿದ್ದಾನೆ. ಮಿದ್ಯಾನ್ಯರ ಕಾಟಕ್ಕೆ ಹೆದರಿ ಗೋಧಿಯನ್ನು ದ್ರಾಕ್ಷಿ ತುಳಿಯುವ ತೊಟ್ಟಿಯಲ್ಲಿ ಕದ್ದು ಬಡಿಯುತ್ತಿದ್ದವನು. ದೇವರು ಅವನನ್ನು ಯುದ್ಧಕ್ಕೆ ಕರೆದಾಗ ಅವನು ಕಣದಲ್ಲಿ ಕುರಿಯ ಉಣ್ಣೆ ಹಾಸಿ, ಬೆಳಿಗ್ಗೆ ಉಣ್ಣೆ ಮಾತ್ರ ಇಬ್ಬನಿಯಿಂದ ತೊಯ್ದು ನೆಲ ಒಣಗಿದ್ದರೆ ನಂಬುತ್ತೇನೆ ಅಂದ. ಹಾಗೇ ಆಯಿತು, ಹಿಂಡಿದರೆ ಒಂದು ಬಟ್ಟಲು ನೀರು ಬಂತು. ಮಾರನೇ ರಾತ್ರಿ ಉಲ್ಟಾ ಕೇಳಿದ, ಉಣ್ಣೆ ಒಣಗಿರಲಿ, ನೆಲ ತೊಯ್ದಿರಲಿ. ಅದೂ ಆಯಿತು. "ಗಿದ್ಯೋನ ಕೇಳಿದ, ದೇವರು ಕೊಟ್ಟ. ನೀನ್ಯಾಕೆ ಕೇಳಲ್ಲ? ಕೇಳದೆ ಇರೋದೇ ಅವಿಶ್ವಾಸ!" ಅಂತ ಮೈಕಿನಲ್ಲಿ ಕೂಗಿದರು. ಜನ ಸ್ತೋತ್ರ, ಸ್ತೋತ್ರ ಅಂದರು. ನಾನೂ ಅಂದೆ.

ಮಾವ ಮನೆಗೆ ಬಂದವರೇ ಟ್ರಂಕ್ ತೆಗೆದರು. ಅದರಲ್ಲಿ ಅವರಪ್ಪನ ಕಾಲದ ಕರಿ ಕಂಬಳಿ ಇತ್ತು. ನಮ್ಮ ಕಡೆ ಕುರಿ, ಕಂಬಳಿಗೇನು ಬರ?

ಮೂರು ರಾತ್ರಿ

ಮಾವ ಹೊಲದಲ್ಲಿ ಮೂರು ಜಾಗ ಗುರುತು ಮಾಡಿಕೊಂಡರು. ಒಂದು ಬೇವಿನ ಮರದ ಬುಡ, ಒಂದು ಬದುವಿನ ಪಕ್ಕ, ಒಂದು ಹೊಲದ ನಡುವಿನ ತಗ್ಗು. ಇರುವುದು ಒಂದೇ ಕಂಬಳಿ, ಹಾಗಾಗಿ ರಾತ್ರಿಗೊಂದು ಜಾಗ. ಎಲ್ಲಿ ಕಂಬಳಿ ತೊಯ್ದು ನೆಲ ಒಣಗಿರುತ್ತದೋ ಅಲ್ಲಿ ಪಾಯಿಂಟ್. ಉಪವಾಸ ಮಾಡಿ, ಮೊಣಕಾಲೂರಿ ಪ್ರಾರ್ಥನೆ ಮಾಡಿ ಹಾಸಿ ಬರುತ್ತಿದ್ದರು.

ಬೇವಿನ ಕೆಳಗೆ ಕಂಬಳಿ ಒಣಗಿತ್ತು. ಬದುವಿನ ಪಕ್ಕ ಒಂದು ತುದಿ ಸ್ವಲ್ಪ ಹಸಿ. ಮೂರನೇ ದಿನ ಬೆಳಿಗ್ಗೆ ಆರು ಗಂಟೆಗೆ ನನಗೆ ವಿಡಿಯೋ ಕಾಲ್ ಬಂತು. ಮಾವ ಮಫ್ಲರ್ ಸುತ್ತಿಕೊಂಡು ತಗ್ಗಿನಲ್ಲಿ ನಿಂತಿದ್ದರು. ಕಂಬಳಿ ಮೇಲೆ ಹನಿ ಎಳೆ ಎಳೆಗೂ ಕೂತು ಬೂದಿ ಚೆಲ್ಲಿದ ಹಾಗೆ ಕಾಣುತ್ತಿತ್ತು. ಎತ್ತಿ ಒಂದು ಮೂಲೆ ಹಿಂಡಿದರು, ಅತ್ತೆ ಕೆಳಗೆ ಸ್ಟೀಲ್ ಬಟ್ಟಲು ಹಿಡಿದಿದ್ದರು. ಅರ್ಧ ಬಟ್ಟಲು ಬಂತು, ಕಪ್ಪು ನೀರು. ಕಂಬಳಿ ಇದ್ದ ಜಾಗದ ಮಣ್ಣನ್ನು ಮಾವ ಮುಷ್ಟಿಯಲ್ಲಿ ತೆಗೆದು ಕ್ಯಾಮೆರಾಕ್ಕೆ ಹಿಡಿದು ಉದುರಿಸಿದರು. ಒಣ ಮಣ್ಣು. "ನೋಡಿದೇನೋ ಅಳಿಯಾ?" ಅಂದರು, ಅಳುತ್ತಿದ್ದರು.

ಈಗ ನನ್ನ ತಪ್ಪು ಹೇಳುತ್ತೇನೆ. ನಾನು ಗಂಗಾವತಿಯಲ್ಲಿ ಹೈಸ್ಕೂಲ್ ಮಕ್ಕಳಿಗೆ ವಿಜ್ಞಾನ ಹೇಳುವವನು. ಆ ವಿಡಿಯೋ ನೋಡುವಾಗಲೇ ನನಗೆ ಇದು ಏನು ಅಂತ ಗೊತ್ತಿತ್ತು. ಮೋಡವಿಲ್ಲದ ಚಳಿ ರಾತ್ರಿಯಲ್ಲಿ ಬಯಲಲ್ಲಿ ಬಿದ್ದ ವಸ್ತು ತನ್ನ ಕಾವನ್ನು ಆಕಾಶಕ್ಕೆ ಬಿಟ್ಟು ತಣ್ಣಗಾಗುತ್ತದೆ. ಉಣ್ಣೆಯಂತೂ ಕೆಳಗಿನ ನೆಲದ ಕಾವು ಮೇಲೆ ಬರಲು ಬಿಡುವುದಿಲ್ಲ, ಹಾಗಾಗಿ ಅದರ ಮೇಲ್ಭಾಗ ಮಣ್ಣಿಗಿಂತ ಬೇಗ ತಣ್ಣಗಾಗಿ ಗಾಳಿಯಲ್ಲಿರುವ ತೇವವನ್ನು ಹಿಡಿಯುತ್ತದೆ. ಸಡಿಲ ಮಣ್ಣಿನಲ್ಲಿ ಹಗಲಿನ ಕಾವು ಇನ್ನೂ ಇರುತ್ತದೆ, ಚೂರುಪಾರು ತೇವ ಬಿದ್ದರೂ ಅದು ಕುಡಿದುಬಿಡುತ್ತದೆ. ತಗ್ಗಿನಲ್ಲಿ ತಣ್ಣನೆ ಗಾಳಿ ಬಂದು ನಿಲ್ಲುತ್ತದೆ, ಅಲ್ಲಿ ಇಬ್ಬನಿ ಜಾಸ್ತಿ. ಮರದ ಕೆಳಗೆ ಕೊಂಬೆ ಅಡ್ಡ ಇರುತ್ತದೆ, ಅಲ್ಲಿ ಕಡಿಮೆ. ಮೂರು ರಾತ್ರಿಯ ಮೂರು ಉತ್ತರವೂ ಇಷ್ಟೇ. (ಗಿದ್ಯೋನ ಎರಡನೇ ರಾತ್ರಿ ಉಲ್ಟಾ ಕೇಳಿದ್ದು ಇದಕ್ಕೇ ಇರಬೇಕು ಅಂತ ನನ್ನ ಊಹೆ. ಅವನೂ ರೈತ, ಉಣ್ಣೆ ತಾನಾಗೇ ತೊಯ್ಯುತ್ತದೆ ಅಂತ ಬೆಳಿಗ್ಗೆ ಹೊಳೆದಿರಬೇಕು.)

ಇಷ್ಟೆಲ್ಲ ಗೊತ್ತಿದ್ದೂ ನಾನು "ಹೌದು ಮಾವ, ದೊಡ್ಡ ಗುರುತು" ಅಂದೆ. ಅಳುತ್ತಿರುವ ಮನುಷ್ಯನಿಗೆ ಇಬ್ಬನಿ ಪಾಠ ಹೇಳಲು ಬಾಯಿ ಬರಲಿಲ್ಲ. ಅದಕ್ಕಿಂತ, ನನ್ನನ್ನು ವಿಶ್ವಾಸ ಇಲ್ಲದವನು ಅಂದುಬಿಡುತ್ತಾರೆ ಅನ್ನೋ ಭಯ. 30,000 ರೂಪಾಯಿ ಬೇರೆ ಕಳಿಸಿದೆ.

560 ಅಡಿ

ಜನವರಿಯಲ್ಲಿ ಬೋರ್ ಗಾಡಿ ಬಂತು, ತಿರುಚೆಂಗೋಡಿನದು. ನಮ್ಮ ಕಡೆ ಬರುವ ಗಾಡಿಗಳಲ್ಲಿ ಬಹಳಷ್ಟು ತಮಿಳುನಾಡಿನ ಆ ಊರಿನವೇ. ರಾತ್ರಿ ಎಂಟಕ್ಕೆ ಪ್ರಾರ್ಥನೆ ಮಾಡಿ ಶುರು ಮಾಡಿದರು. 60 ಅಡಿ ಕೇಸಿಂಗ್ ಇಳಿಯಿತು, ಆಮೇಲೆ ಗಟ್ಟಿ ಕಲ್ಲು. ಧೂಳು ಸಜ್ಜೆ ಹಿಟ್ಟಿನ ಹಾಗೆ ಹಾರಿ ಎಲ್ಲರ ಹುಬ್ಬು ಬೆಳ್ಳಗಾಯಿತು, ಅತ್ತೆ ಸೆರಗು ಮೂಗಿಗೆ ಹಿಡಿದು ಬದುವಿನ ಮೇಲೆ ಕೂತಿದ್ದರು. 240 ಅಡಿಯಲ್ಲಿ ಸ್ವಲ್ಪ ಹಸಿ ಪುಡಿ ಬಂತು. ಎಲ್ಲರೂ ಎದ್ದು ನಿಂತೆವು. ಎರಡು ರಾಡ್ ಆದಮೇಲೆ ಮತ್ತೆ ಧೂಳು.

300 ಅಡಿಗೆ ಆಪರೇಟರ್ ಕೇಳಿದ, ಇನ್ನೂ ಹೋಗಲಾ? 350ಕ್ಕೆ ಕೇಳಿದ. 400ಕ್ಕೆ ಗಾಡಿ ಬಂದ್ ಮಾಡಿ ಇಳಿದೇ ಬಂದು ಕೇಳಿದ, ಆಳ ಹೋದಂತೆ ಅಡಿಗೆ ರೇಟು ಏರುತ್ತದೆ ಅಂತ ಅವನೇ ಬುದ್ಧಿ ಹೇಳಿದ. ಪ್ರತಿ ಸಲವೂ ಮಾವನದು ಒಂದೇ ಉತ್ತರ: "ಹೋಗಪ್ಪಾ, ನನಗ ಗುರುತು ಬಂದೈತಿ."

ನನ್ನ ಪ್ರಕಾರ ಇಡೀ ಪ್ರಕರಣದ ಗಂಟು ಇಲ್ಲೇ ಇದೆ. ಕಂಬಳಿ ತೊಯ್ಯದೇ ಇದ್ದಿದ್ದರೆ ಮಾವ 350ಕ್ಕೆ ಸಾಕು ಅನ್ನುತ್ತಿದ್ದರು, ಅವರು ಲೆಕ್ಕ ಗೊತ್ತಿಲ್ಲದ ಮನುಷ್ಯ ಅಲ್ಲ. ಗುರುತು ಅವರ ಕೈಯಿಂದ ಲೆಕ್ಕವನ್ನು ಕಸಿದುಕೊಂಡಿತು. 560ಕ್ಕೆ ಕೈಯಲ್ಲಿದ್ದ ದುಡ್ಡು ಮುಗಿಯಿತು, ಅದಕ್ಕೇ ನಿಂತಿತು. ಒಟ್ಟು 92,000. ನನ್ನದು 30,000, ಎರಡು ಆಡು ಮಾರಿದ 12,000, ಉಳಿದ 50,000 ನೂರಕ್ಕೆ ಮೂರು ರೂಪಾಯಿ ಬಡ್ಡಿಗೆ ತಂದದ್ದು. ತಿಂಗಳಿಗೆ 1,500 ಬಡ್ಡಿಯೇ ಆಯಿತು. ನಾಲ್ಕು ಗಂಟೆ ನಸುಕಿನಲ್ಲಿ ಗಾಡಿ ಹೋಯಿತು. ಮಾವ ಪೈಪಿನ ಬಾಯಿಗೆ ಚೀಲ ಕಟ್ಟಿ, ಮೇಲೆ ಚಪ್ಪಡಿ ಕಲ್ಲು ಎಳೆದರು. ಅವತ್ತೂ ಇಬ್ಬನಿ ಚೆನ್ನಾಗಿ ಬಿದ್ದಿತ್ತು.

ನೀರು ಬೀಳಲಿಲ್ಲ ಅನ್ನುವುದು ದೊಡ್ಡ ವಿಷಯವೇ ಅಲ್ಲ. ನಮ್ಮ ಕಲ್ಲಿನ ನೆಲದಲ್ಲಿ ಬಂಡೆಯ ಬಿರುಕು ಸಿಕ್ಕರೆ ನೀರು, ಇಲ್ಲಾಂದ್ರೆ ಧೂಳು, ಎಷ್ಟೋ ಜನರದ್ದು ಫೇಲ್ ಆಗಿದೆ. ಕೆಟ್ಟದ್ದು ಆಮೇಲೆ ಆಯಿತು.

ಮಾವ ಆ ಪ್ರಸಂಗಿಗೆ ಫೋನ್ ಮಾಡಿದರು. ಅವರು ಹೇಳಿದ್ದು, "ಗುರುತು ಸುಳ್ಳಾಗಲ್ಲ. ನಿಮ್ಮ ಮನೆಯಲ್ಲಿ ಯಾರಿಗೋ ವಿಶ್ವಾಸ ಕಡಿಮೆ ಇದೆ." ಮನೆಯಲ್ಲಿ ಇರುವುದೇ ಇಬ್ಬರು. ಅತ್ತೆಗೆ ಸಕ್ಕರೆ ಕಾಯಿಲೆ, ಆ ಮೂರು ದಿನ ಉಪವಾಸ ಇರಲಿಲ್ಲ, ಮಾತ್ರೆ ತಗೊಂಡು ರೊಟ್ಟಿ ತಿಂದಿದ್ದರು. ಮಾವ ಬಾಯಿಬಿಟ್ಟು ಏನೂ ಅನ್ನಲಿಲ್ಲವಂತೆ. ಆದರೆ ಊಟಕ್ಕೆ ಕೂತಾಗ ಅತ್ತೆಯ ತಟ್ಟೆ ನೋಡುತ್ತಿದ್ದರಂತೆ. ಅತ್ತೆ ಇದನ್ನು ನನಗೆ ಹೇಳುವಾಗ ತಟ್ಟೆಯ ಅಂಚನ್ನು ಬೆರಳಲ್ಲಿ ಒರೆಸುತ್ತಾ ಇದ್ದರು. 26 ವರ್ಷದ ಸಂಸಾರದಲ್ಲಿ ಆ ಮನೆಯಲ್ಲಿ ಇಂಥ ಮೌನ ನಾನು ಕಂಡಿರಲಿಲ್ಲ.

ಗಿದ್ಯೋನ ಎರಡು ಸಲ ಕೇಳಿದ್ದನಲ್ಲ ಅಂತ ಮಾವ ಮತ್ತೆ ಕಂಬಳಿ ಹೊತ್ತುಕೊಂಡು ಹೋದರು. ಈ ಸಲ ಉಲ್ಟಾ, ಕಂಬಳಿ ಒಣಗಿರಲಿ, ನೆಲ ತೊಯ್ದಿರಲಿ. ನಾಲ್ಕು ರಾತ್ರಿ ಹಾಸಿದರು. ಆಗಲಿಲ್ಲ, ಆಗುವುದೂ ಇಲ್ಲ. ಐದನೇ ದಿನ "ದೇವರು ನನ್ನ ಮ್ಯಾಲೆ ಮುನಿಸಿಕೊಂಡಾನ" ಅಂದರು. ನೀರು ಎಲ್ಲಿದೆ ಅಂತ ಕೇಳಲು ಹೋದವರು ದೇವರು ಇದ್ದಾನೋ ಇಲ್ಲವೋ ಅನ್ನುವಲ್ಲಿಗೆ ಬಂದು ನಿಂತಿದ್ದರು. ಅದರ ಮೇಲೆ ಫೆಬ್ರವರಿಯಲ್ಲಿ ಪಕ್ಕದ ಹೊಲದವರಿಗೆ ನೀರು ಬಿತ್ತು, 280 ಅಡಿಗೆ ಎರಡು ಇಂಚು. ತೆಂಗಿನಕಾಯಿ ತೋರಿಸಿದ ಜಾಗದಲ್ಲಿ!

ಇದಕ್ಕೆ ಏನು ಹೇಳೋಣ? ಗುರುತೇ ಸಾಕ್ಷಿ ಅಂತಾದರೆ, ಸಾಕ್ಷಿ ಕಾಯಿಯ ಕಡೆ ಹೋಯಿತು. ನಿಜ ಹೇಳಬೇಕೆಂದರೆ ಮಾವ ಕಾಯಿಯನ್ನು ಬಿಟ್ಟಿರಲೇ ಇಲ್ಲ. ಕಾಯಿಯ ಜಾಗದಲ್ಲಿ ಕಂಬಳಿ ಬಂದಿತ್ತು, ಜೊತೆಗೆ ಒಂದು ವಚನ. ಆ ದಿನ ನಾನು ಹೆಮ್ಮೆಪಟ್ಟ ಮಾತು ಇದೇ. ಮಾವ ಎರಡು ತಿಂಗಳು ಚರ್ಚಿಗೆ ಹೋಗಲಿಲ್ಲ.

ಅಯ್ಯನವರು ಬಂದದ್ದು

ನಮ್ಮ ಸಭೆಯ ಅಯ್ಯನವರಿಗೆ ವಯಸ್ಸಾಗಿದೆ, ಕೂಗಿ ಪ್ರಸಂಗ ಮಾಡುವವರಲ್ಲ, ಮೈಕ್ ಕೆಟ್ಟರೆ ಹಿಂದಿನವರಿಗೆ ಕೇಳಿಸುವುದೂ ಇಲ್ಲ. ಮಾರ್ಚಿನಲ್ಲಿ ಒಂದು ಸಂಜೆ ಮೊಪೆಡ್ ಮೇಲೆ ಹೊಲಕ್ಕೇ ಬಂದರು. ನಾನೂ ಇದ್ದೆ. ಚಪ್ಪಡಿ ಕಲ್ಲಿನ ಮೇಲೇ ಕೂತರು. ಸಮಾಧಾನ ಹೇಳುತ್ತಾರೆ ಅಂದುಕೊಂಡೆ, ಹೇಳಲಿಲ್ಲ. ಮಾವನ ಕೈಗೆ ಪುಸ್ತಕ ಕೊಟ್ಟು ಗಿದ್ಯೋನನ ಎರಡು ಅಧ್ಯಾಯ ಓದಿಸಿದರು, ಪೂರ್ತಿ. ಅರ್ಧ ತಾಸು ಹಿಡಿಯಿತು.

ಆಮೇಲೆ ಕೇಳಿದರು, "ಉಣ್ಣಿ ಹಾಸಿದ್ದು ಎಷ್ಟನೇ ವಚನದಾಗ?"

"ಮೂವತ್ತಾರು, ಮೂವತ್ತೇಳು."

"ನಾನು ನಿನ್ನ ಸಂಗಡ ಇರ್ತೀನಿ, ಹೋಗು ಅಂತ ದೇವರು ಹೇಳಿದ್ದು?"

ಮಾವ ಬೆರಳು ಮೇಲೆ ಸರಿಸಿದರು. ಹದಿನಾಲ್ಕು, ಹದಿನಾರು.

"ಹಂಗಾದ್ರ ಮಾತು ಮೊದಲೇ ಬಂದಿತ್ತು. ಉಣ್ಣಿ ಹಾಸಿದ್ದು ದೇವರ ಚಿತ್ತ ಗೊತ್ತಿಲ್ದಕ್ಕ ಅಲ್ಲ, ಗೊತ್ತಿದ್ದೂ ಹೆದರಿಕಿ ಆಗಿದ್ದಕ್ಕ. ನಿನಗ ಬೋರ್ ಹೊಡಸು ಅಂತ ದೇವರು ಎಲ್ಲಿ ಹೇಳ್ಯಾನಪಾ?"

ಮಾವ ಸುಮ್ಮನಾದರು. ಅಯ್ಯನವರು ಬಿಡಲಿಲ್ಲ. ಉಣ್ಣೆಗೂ ಮೊದಲೇ ಗಿದ್ಯೋನ ಒಂದು ಗುರುತು ಕೇಳಿದ್ದ, ಬಂಡೆಯಿಂದ ಬೆಂಕಿ ಎದ್ದು ಅವನಿಟ್ಟ ಮಾಂಸ, ರೊಟ್ಟಿ ಸುಟ್ಟಿತ್ತು. ಆಮೇಲೆ ಉಣ್ಣೆ ಎರಡು ರಾತ್ರಿ. ಮೂರು ಗುರುತು ಆದಮೇಲೂ 7ನೇ ಅಧ್ಯಾಯದಲ್ಲಿ ದೇವರು ಅವನಿಗೆ, ನಿನಗೆ ಹೆದರಿಕೆ ಇದ್ದರೆ ಆಳಿನ ಜೊತೆ ಶತ್ರುಗಳ ಪಾಳೆಯಕ್ಕೆ ಇಳಿದು ಹೋಗಿ ಕೇಳಿಸಿಕೊಂಡು ಬಾ ಅನ್ನುತ್ತಾನೆ. ಅವನು ಹೋದ, ಅಂದರೆ ಹೆದರಿಕೆ ಇನ್ನೂ ಇತ್ತು. ಅಷ್ಟರಲ್ಲಿ ದೇವರು ಅವನ ದಂಡನ್ನು 32,000ದಿಂದ 10,000ಕ್ಕೆ, ಅಲ್ಲಿಂದ 300ಕ್ಕೆ ಇಳಿಸಿದ್ದ. ಗುರುತು ಕೇಳಿದವನ ಕೈಯಿಂದ ನೆಚ್ಚಿಕೊಳ್ಳುವಂಥದ್ದನ್ನೆಲ್ಲ ಒಂದೊಂದಾಗಿ ತೆಗೆದುಬಿಟ್ಟ. ಆ ಪ್ರಸಂಗಿ ಈ ಭಾಗ ಓದಿರಲಿಲ್ಲ, ಅಥವಾ ಓದಿ ಬಿಟ್ಟಿದ್ದರು.

ಹೊರಡುವಾಗ ಅಯ್ಯನವರು ಇನ್ನೊಂದು ಮಾತು ಹೇಳಿದರು. ಜಾನ್ ಹ್ಯಾಂಡ್ಸ್ ಅನ್ನುವ ಮಿಷನರಿ 1810ರಲ್ಲಿ ಬಳ್ಳಾರಿಗೆ ಬಂದು, ಕನ್ನಡ ಕಲಿತು, ಸತ್ಯವೇದವನ್ನು ಕನ್ನಡಕ್ಕೆ ತರುವುದರಲ್ಲಿ ಸುಮಾರು 20 ವರ್ಷ ಕಳೆದರು. "ಗುರುತು ನೋಡಿ ಬಂದ ಪುಸ್ತಕ ಅಲ್ಲಪಾ ಇದು, ಕೂತು ಬರದು ಬಂದದ್ದು." ಮೊಪೆಡ್ ಮೂರು ಸಲ ಒದ್ದ ಮೇಲೆ ಶುರುವಾಯಿತು.

ಒಂದು ಮಾತು ಸ್ಪಷ್ಟ ಮಾಡುತ್ತೇನೆ, ಇಲ್ಲಾಂದ್ರೆ ನಾಳೆ ಯಾರಾದರೂ ಜಗಳಕ್ಕೆ ಬರುತ್ತಾರೆ. ಅದ್ಭುತವೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ಯೇಸು ಸತ್ತು ಎದ್ದು ಬಂದ ಅಂತ ನಂಬುವವನು ಅದ್ಭುತ ಇಲ್ಲ ಅನ್ನುವುದು ಹೇಗೆ? ಪ್ರಶ್ನೆ ಬೇರೆ. ಅದ್ಭುತ ನೋಡಿದರೆ ನಂಬಿಕೆ ನಿಲ್ಲುತ್ತದಾ? ಯೋಹಾನನ ಸುವಾರ್ತೆಯ 6ನೇ ಅಧ್ಯಾಯ ತೆಗೆದು ನೋಡಿ. ಐದು ರೊಟ್ಟಿ, ಎರಡು ಮೀನು, ಗಂಡಸರ ಲೆಕ್ಕವೇ ಐದು ಸಾವಿರ, ಎಲ್ಲರೂ ಹೊಟ್ಟೆ ತುಂಬ ತಿಂದರು, ಹನ್ನೆರಡು ಬುಟ್ಟಿ ಉಳಿಯಿತು. ಮಾರನೇ ದಿನವೇ ಯೇಸುವನ್ನು ಹುಡುಕಿಕೊಂಡು ಬಂದ ಜನ ಏನು ಕೇಳಿದರು ಗೊತ್ತಾ? ನಾವು ನೋಡಿ ನಿನ್ನನ್ನು ನಂಬುವ ಹಾಗೆ ಯಾವ ಸೂಚಕಕಾರ್ಯ ಮಾಡುತ್ತೀ ಅಂತ! ನಿನ್ನೆ ತಿಂದ ರೊಟ್ಟಿ ಇನ್ನೂ ಹೊಟ್ಟೆಯಲ್ಲಿತ್ತೋ ಏನೋ. ಗುರುತಿನ ಹಸಿವು ಇಂಥದ್ದು, ಉಂಡ ಮಾರನೇ ದಿನ ಮತ್ತೆ ಎಲೆ ಹಾಕಿಕೊಂಡು ಕೂರುತ್ತದೆ. ಮಾವನೂ ಅಷ್ಟೇ, ಮೊದಲ ಗುರುತು ಸಿಕ್ಕಮೇಲೇ ಎರಡನೆಯದಕ್ಕೆ ಹೋದದ್ದು.

ಅದೇ ಅಧ್ಯಾಯದ ಕೊನೆಯಲ್ಲಿ ಯೇಸುವಿನ ಮಾತು ಕಠಿಣ ಅನ್ನಿಸಿ ಬಹಳ ಶಿಷ್ಯರು ಬಿಟ್ಟು ಹೋಗುತ್ತಾರೆ. ನೀವೂ ಹೋಗುತ್ತೀರಾ ಅಂತ ಹನ್ನೆರಡು ಮಂದಿಯನ್ನು ಕೇಳುತ್ತಾನೆ. ಪೇತ್ರ ಹೇಳುತ್ತಾನೆ, ಕರ್ತನೇ, ನಿನ್ನನ್ನು ಬಿಟ್ಟು ಇನ್ನಾರ ಬಳಿಗೆ ಹೋಗೋಣ? ಅವನಿಗೆ ಆ ಹೊತ್ತಿನಲ್ಲಿ ಯಾವ ಹೊಸ ಗುರುತೂ ಸಿಕ್ಕಿರಲಿಲ್ಲ.

ಇದನ್ನು ಯಾಕೆ ಹೇಳಿದೆ ಅಂದರೆ, ಆ ಎರಡು ತಿಂಗಳು ಅತ್ತೆ ಒಬ್ಬರೇ ಚರ್ಚಿಗೆ ಹೋಗುತ್ತಿದ್ದರು. ಸಂಜೆ ದೀಪ ಹಚ್ಚಿ ಒಬ್ಬರೇ ಪ್ರಾರ್ಥನೆ ಮಾಡುತ್ತಿದ್ದರು, ನೀರಿಗೂ ಕೇಳುತ್ತಿದ್ದರು. ನಾನು ಒಂದಿನ ಸ್ವಲ್ಪ ಸಿಟ್ಟಿನಲ್ಲೇ ಕೇಳಿದೆ, ಇಷ್ಟಾದ ಮೇಲೂ ಹೇಗೆ ಕೇಳ್ತೀರಿ ಅತ್ತೆ? ರೊಟ್ಟಿ ಬಡಿಯುತ್ತಲೇ ಅಂದರು, "ಕೇಳ್ತೀನಿ ತಮ್ಮಾ. ಕೊಟ್ರ ಚಲೋ ಆತು. ಕೊಡ್ಲಿಲ್ಲಂದ್ರ ಮತ್ಯಾರ ಹತ್ರ ಹೋಗ್ಲಿ?" ಅವರು ವಚನ ಹೇಳಿದ್ದಲ್ಲ. ಅವರಿಗೆ ಓದು ಅಷ್ಟಕ್ಕಷ್ಟೇ. ಮನೆಯಲ್ಲಿ ವಿಶ್ವಾಸ ಕಡಿಮೆ ಇದ್ದವರು ಯಾರು ಅಂತ ಆ ಪ್ರಸಂಗಿಯನ್ನು ಕರೆದುಕೊಂಡು ಬಂದು ತೋರಿಸಬೇಕು ಅನ್ನಿಸಿತು.

ಮಾವ ಈಸ್ಟರ್‌ಗೆ ಚರ್ಚಿಗೆ ಬಂದರು. ಅಂಥ ದೊಡ್ಡ ದೃಶ್ಯ ಏನೂ ಆಗಲಿಲ್ಲ. ಬಾಗಿಲ ಹತ್ತಿರ ಕೂತರು, ಕಾಣಿಕೆ ತಟ್ಟೆ ಬಂದಾಗ ಹತ್ತು ರೂಪಾಯಿ ಹಾಕಿದರು, ಮನೆಗೆ ಹೋದರು. ಆ ರಾತ್ರಿ ಅತ್ತೆಗೆ "ತಪ್ಪಾತು" ಅಂದರಂತೆ. ಯಾವುದಕ್ಕೆ ಅಂತ ಅತ್ತೆ ಕೇಳಲಿಲ್ಲವಂತೆ.

ನಾನು ಇಬ್ಬನಿ ಪಾಠ ಹೇಳಿದ್ದು ಆಮೇಲೆ, ಮೇ ರಜೆಯಲ್ಲಿ. ಬೈಯುತ್ತಾರೆ ಅಂದುಕೊಂಡಿದ್ದೆ. ಪೂರ್ತಿ ಕೇಳಿ, "ಇದನ್ನ ಜನವರಿಯಾಗ ಹೇಳಿದ್ರ ನಿನ್ನ ಮೂವತ್ತು ಸಾವಿರ ಉಳೀತಿತ್ತಲ್ಲೋ" ಅಂದು ನಕ್ಕರು. ನನಗೆ ನಗು ಬರಲಿಲ್ಲ.

ಈಗಿನ ಪರಿಸ್ಥಿತಿ. ಬೋರ್ ಮತ್ತೆ ಹೊಡೆಸಲಿಲ್ಲ. ಪರಿಚಯದ ಭೂವಿಜ್ಞಾನಿಯೊಬ್ಬರು ಯಂತ್ರ ತಂದು, ನೆಲಕ್ಕೆ ಕಬ್ಬಿಣದ ಗೂಟ ಹೊಡೆದು ಕರೆಂಟ್ ಬಿಟ್ಟು ನೋಡಿ, ಈ ಹೊಲದಲ್ಲಿ ನನಗೆ ಧೈರ್ಯವಿಲ್ಲ ಅಂದರು. ಕೃಷಿ ಹೊಂಡಕ್ಕೆ ಅರ್ಜಿ ಹಾಕಿದೆವು, ಸಬ್ಸಿಡಿ ಸಿಕ್ಕಿತು. 12 ಮೀಟರ್ ಉದ್ದ, 12 ಅಗಲ, 3 ಆಳ, ಒಳಗೆ ಪ್ಲಾಸ್ಟಿಕ್ ಹಾಳೆ. ತೋಡಿದ್ದು ಅದೇ ತಗ್ಗಿನಲ್ಲಿ, ಯಾಕಂದ್ರೆ ಮಳೆ ನೀರು ಹರಿದು ಬಂದು ಸೇರುವುದು ಅಲ್ಲಿಗೇ. ಅದಕ್ಕೆ ಕಂಬಳಿ ಬೇಕಿರಲಿಲ್ಲ, ಕಣ್ಣು ಸಾಕಿತ್ತು. 2024ರ ಮಳೆಗೆ ಹೊಂಡ ತುಂಬಿತು. ದಾಳಿಂಬೆ ಅರ್ಧ ಒಣಗಿ ಹೋಗಿತ್ತು, ಕಿತ್ತು ತೊಗರಿ ಬಿತ್ತಿದರು. ಬಡ್ಡಿಯ ಸಾಲದಲ್ಲಿ 20,000 ಇನ್ನೂ ಇದೆ. ಹೊಂಡ ತುಂಬಿದ್ದನ್ನು ಸಾಕ್ಷಿ ಹೇಳಿ ಅಂತ ಸಭೆಯಲ್ಲಿ ಯಾರೋ ಅಂದರು. ಮಾವ ಎದ್ದು ನಿಂತು, "ಮಳಿ ಎಲ್ಲಾರ ಹೊಲಕ್ಕೂ ಬಂದೈತಿ, ಸ್ತೋತ್ರ" ಅಂತ ಹೇಳಿ ಕೂತುಬಿಟ್ಟರು.

ಹೋದ ತಿಂಗಳು ನಾನು ಊರಿಗೆ ಹೋದಾಗ ಸಭೆಯ ಹುಡುಗನೊಬ್ಬ ಬಂದಿದ್ದ, ಹೊಸದಾಗಿ ಬೇರೆಯವರ ಎರಡು ಎಕರೆ ಲಾವಣಿಗೆ, ಅಂದರೆ ಗುತ್ತಿಗೆಗೆ, ಹಿಡಿದವನು. ಬೋರ್ ಹೊಡೆಸಬೇಕು, ಕಾಕಾ ನೀವು ಹಿರಿಯರು, ಬಂದು ಪ್ರಾರ್ಥನೆ ಮಾಡಿ ಒಂದು ಪಾಯಿಂಟ್ ತೋರಿಸಿ ಅಂದ. ಮಾವ ಎಲೆ ಅಡಿಕೆ ಬಾಯಿಯ ಒಂದು ಕಡೆಗೆ ಸರಿಸಿದರು.

"ಪ್ರಾರ್ಥನಿ ಮಾಡ್ತೀನಿ. ಪಾಯಿಂಟ್ ತೋರ್ಸಂಗಿಲ್ಲ. ಲಾವಣಿ ಹೊಲಕ್ಕ ಬೋರ್ ಯಾಕ ಹೊಡಸ್ತೀಯೋ, ಮೊದಲು ಅದನ್ನ ಹೇಳು."